ಗದ್ದೆಗೂ ಗುಡ್ಡಕ್ಕೂ ಒಂದೇ ಗಾಡಿ: ಡೀಸೆಲ್ಲಾ, ಪೆಟ್ರೋಲಾ?

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಕಾಲುವೆ ಕೆಳಗೆ 14 ಎಕರೆ ಭತ್ತ ಇದೆ. ಕನಕಗಿರಿ ಕಡೆ ಗುಡ್ಡದ ಬುಡದಲ್ಲಿ 6 ಎಕರೆ ಒಣಭೂಮಿ, ಅಲ್ಲಿಗೆ ಕಲ್ಲುದಾರಿ. ಮನೆಯಿಂದ ಗದ್ದೆಗೆ 5 ಕಿಲೋಮೀಟರ್, ದಿನಾ ಎರಡು ಸಲ ಹೋಗಿಬರುತ್ತೇನೆ. ಎಲ್ಲ ಸೇರಿ ತಿಂಗಳಿಗೆ 700–800 ಕಿಲೋಮೀಟರ್ ಆಗುತ್ತದೆ. ಟ್ರ್ಯಾಕ್ಟರ್, ಟ್ರೇಲರ್ ಇವೆ. ಈಗ ಡೀಸೆಲ್ ಪಿಕಪ್ ತಗೊಳ್ಳಲಾ, ಫೋರ್ ವೀಲ್ ಡ್ರೈವ್ ಜೀಪ್ ತಗೊಳ್ಳಲಾ ಅಂತ ಯೋಚನೆ. ಸಂಡೂರಿನಲ್ಲಿ ಟಿಪ್ಪರ್ ಓಡಿಸುವ ನಮ್ಮ ಭಾವ, “ಪೆಟ್ರೋಲ್ ಗಾಡಿಗೆ ದಮ್ ಎಲ್ಲೈತಿ? ಡೀಸೆಲ್ಲೇ ತಗೋ” ಅಂತಾರೆ. ತಮ್ಮ, “ಈಗಿನ ಡೀಸೆಲ್ ಬರೀ ತಲೆನೋವು” ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾನು ಗೆರೆ ಎಳೆದುಕೊಂಡಿದ್ದು ಒಂದೇ ಮಾತಿಗೆ. ಮನೆಯಿಂದ ಗದ್ದೆಗೆ 5 ಕಿಲೋಮೀಟರ್. ಯಾವ ಎಂಜಿನ್ ಅನ್ನೋದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಅದಕ್ಕೆ ಬರುತ್ತೇನೆ, ಮೊದಲು ನಿಮ್ಮ ಭಾವನ ಮಾತು.

ಅವರು ಸುಮ್ನೆ ಹೇಳುತ್ತಿಲ್ಲ. ಅವರ ಕೆಲಸಕ್ಕೆ ಡೀಸೆಲ್ ಬಿಟ್ಟರೆ ಬೇರೆ ದಾರಿ ಇಲ್ಲ. ಪೆಟ್ರೋಲ್ ಎಂಜಿನ್ ಗಾಳಿ, ಪೆಟ್ರೋಲ್ ಎರಡನ್ನೂ ಸೇರಿಸಿ ಒತ್ತುತ್ತದೆ, ಆಮೇಲೆ ಪ್ಲಗ್ಗಿನಿಂದ ಕಿಡಿ ಹಚ್ಚುತ್ತದೆ. ಜಾಸ್ತಿ ಒತ್ತಿದರೆ ಬೆಂಕಿ ತಲುಪುವ ಮುಂಚೆಯೇ ಮೂಲೆಯ ಪೆಟ್ರೋಲ್ ತಾನೇ ಸಿಡಿಯುತ್ತದೆ, ಎಂಜಿನ್ ಕಟಕಟ ಅನ್ನುತ್ತದೆ. ಅದಕ್ಕೇ ಹತ್ತು ಹನ್ನೊಂದು ಪಟ್ಟು ಒತ್ತಿ ಸಾಕು ಮಾಡುತ್ತಾರೆ. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು. 15 ಪಟ್ಟು, ಕೆಲವದರಲ್ಲಿ 20 ಪಟ್ಟು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಕೈಗೆ ಬಿಸಿ ತಾಗುತ್ತದಲ್ಲ, ಅದೇ ಸಂಗತಿ. ಇಲ್ಲಿ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿದರೆ ಕಿಡಿಯೇ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಜರ್ಮನಿಯಲ್ಲಿ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ ಇದೇ ಲೆಕ್ಕದ್ದು.

ಜಾಸ್ತಿ ಒತ್ತಿದಷ್ಟೂ ಇಂಧನದಿಂದ ಜಾಸ್ತಿ ಕೆಲಸ ಹಿಂಡಬಹುದು. ಅದರ ಮೇಲೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ನೂರಕ್ಕೆ ಹತ್ತರಷ್ಟು ಶಕ್ತಿಯೂ ಜಾಸ್ತಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೇರೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಅಂತರ ಇನ್ನಷ್ಟು ಹಿಗ್ಗಿದೆ.

ಇನ್ನೊಂದು ವಿಷಯ ಟಿಪ್ಪರಿನವರಿಗೆ ಮಾತ್ರ ಗೊತ್ತಿರುತ್ತದೆ. ಗಣಿಯಲ್ಲಿ ಲೋಡಿಂಗ್ ಪಾಯಿಂಟಿನ ಮುಂದೆ ಸಾಲು, ವೇ ಬ್ರಿಡ್ಜ್ ಮುಂದೆ ಸಾಲು. ಎಂಜಿನ್ ಸುಮ್ನೆ ಗುರ್ ಅನ್ನುತ್ತಾ ನಿಂತಿರುತ್ತದೆ. ಪೆಟ್ರೋಲ್ ಎಂಜಿನ್ ನಿಂತಲ್ಲಿ ಓಡುವಾಗ ಗಾಳಿಯ ದಾರಿ ಮುಕ್ಕಾಲು ಮುಚ್ಚಿಕೊಂಡು ಏದುಸಿರು ಬಿಡುತ್ತಿರುತ್ತದೆ. ಡೀಸೆಲ್ಲಿಗೆ ಆ ಕಷ್ಟ ಇಲ್ಲ. ಗಾಳಿ ತೆರೆದೇ ಇರುತ್ತದೆ, ಡೀಸೆಲ್ ಮಾತ್ರ ಚಿಟಿಕೆಯಷ್ಟು ಹೋಗುತ್ತದೆ. ಇಡೀ ದಿನದ ಲೆಕ್ಕ ಹಾಕಿದರೆ ಇದು ಸಣ್ಣ ಉಳಿತಾಯ ಅಲ್ಲ. ಲೋಡು ಏರಿದ ಮೇಲೆ ಸಂಡೂರಿನ ಏರುದಾರಿಯಲ್ಲಿ ಅದೇ ಎಂಜಿನ್ ಕಡಿಮೆ ಸುತ್ತಿನಲ್ಲೇ ತಲೆ ತಗ್ಗಿಸಿಕೊಂಡು ಎಳೆಯುತ್ತದೆ. ದೋಣಿಮಲೆ ಗಣಿಯ ದೊಡ್ಡ ಡಂಪರಿನಿಂದ ನಿಮ್ಮ ಮನೆಯ ಟ್ರ್ಯಾಕ್ಟರ್‌ವರೆಗೆ ಎಲ್ಲ ಡೀಸೆಲ್ಲೇ ಆಗಿರೋದು ಇದಕ್ಕೇ.

ಆದರೆ “ಪೆಟ್ರೋಲಿಗೆ ದಮ್ ಇಲ್ಲ” ಅನ್ನೋದು ಹಳೇ ಮಾತು. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು, ಇಲ್ಲದ ಪೆಟ್ರೋಲಿಗೆ ಅದು ಈಗಲೂ ನಿಜ. ಹಳೇ ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ನಿನ ಎಳೆತ ನೂರು ನ್ಯೂಟನ್ ಮೀಟರ್ ಆಸುಪಾಸು ಅಷ್ಟೇ. ಅದೇ ಮಾರುತಿಯ ಜಿಮ್ನಿಯದು 134. ಆದರೆ 2020ರಲ್ಲಿ ಬಂದ ಮಹೀಂದ್ರ ಥಾರ್ ನೋಡಿ. ಅದರ 2.2 ಲೀಟರ್ ಡೀಸೆಲ್ಲಿನ ಎಳೆತ 300, 2 ಲೀಟರ್ ಟರ್ಬೊ ಪೆಟ್ರೋಲಿನದೂ 300. ಆಟೋಮ್ಯಾಟಿಕ್ ಪೆಟ್ರೋಲಿನದು 320. ಟರ್ಬೊ ಬಂದ ಮೇಲೆ ಎಳೆತದಲ್ಲಿ ಪೆಟ್ರೋಲ್ ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದಿರೋದು ಮೈಲೇಜಿನಲ್ಲಿ.

ಹಾಗಾದರೆ ದುಡ್ಡಿನ ಲೆಕ್ಕ ನೋಡೋಣ. 2012ರ ಸುಮಾರಿಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿ ಆಸುಪಾಸು ವ್ಯತ್ಯಾಸ ಇತ್ತು. ಆಗ ಯಾರೂ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ, ಕಣ್ಣು ಮುಚ್ಚಿ ಡೀಸೆಲ್. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. ಈಗ ಹತ್ತು ಹನ್ನೆರಡು ರೂಪಾಯಿ ಅಂತರ ಅಷ್ಟೇ. ಡೀಸೆಲ್ 90, ಪೆಟ್ರೋಲ್ 102 ಅಂತಿಟ್ಟುಕೊಳ್ಳಿ, ನಿಮ್ಮೂರ ಬಂಕಿನ ದರ ಹಾಕಿ ತಿದ್ದಿಕೊಳ್ಳಿ. ಒಂದೇ ಜೀಪ್ ಡೀಸೆಲ್ಲಿನಲ್ಲಿ ಲೀಟರಿಗೆ 12, ಪೆಟ್ರೋಲಿನಲ್ಲಿ 9 ಕಿಲೋಮೀಟರ್ ಕೊಟ್ಟರೆ ಒಂದು ಕಿಲೋಮೀಟರಿಗೆ ಏಳೂವರೆ ರೂಪಾಯಿ ಒಂದು ಕಡೆ, ಹನ್ನೊಂದೂ ಕಾಲು ಇನ್ನೊಂದು ಕಡೆ. ಉಳಿಯೋದು ನಾಲ್ಕು ರೂಪಾಯಿಗಿಂತ ಸ್ವಲ್ಪ ಕಡಿಮೆ. ಡೀಸೆಲ್ ಗಾಡಿಗೆ ಒಂದು ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರೋಕೆ ಸುಮಾರು 26 ಸಾವಿರ ಕಿಲೋಮೀಟರ್ ಓಡಬೇಕು. ನಿಮ್ಮ ಓಡಾಟಕ್ಕೆ ಮೂರು ವರ್ಷದ ಹತ್ತಿರ. ಸರ್ವಿಸ್ ಖರ್ಚಿನ ವ್ಯತ್ಯಾಸ ಇನ್ನೂ ಸೇರಿಸಿಲ್ಲ. ಅದೇ ಹಗುರವಾದ ಪೆಟ್ರೋಲ್ ಜೀಪ್ ತಗೊಂಡು ಲೀಟರಿಗೆ 13–14 ಬಂದರೆ, ಭಾರದ ಡೀಸೆಲ್ ಜೀಪಿನ ಖರ್ಚಿಗೇ ಬಂದು ನಿಲ್ಲುತ್ತದೆ. ಇದನ್ನು ಷೋರೂಮಿನವರು ಹೇಳೋದಿಲ್ಲ ಬಿಡಿ.

ಈಗ 5 ಕಿಲೋಮೀಟರಿಗೆ ಬರೋಣ.

2020ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಕಡಿವಾಣ ಹಾಕುವ ಬಿಎಸ್6 ನಿಯಮ ಬಂತು. ಮಾರುತಿಯವರು ಆಗಲೇ ಡೀಸೆಲ್ಲನ್ನೇ ಕೈಬಿಟ್ಟರು. ಉಳಿದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಒಂದು ಜಾಲರಿ ಕುಳಿತಿತು, ಡಿಪಿಎಫ್ ಅಂತಾರೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳೋದು ಅದರ ಕೆಲಸ. ಹಿಡಿದ ಮಸಿಯನ್ನು ಆಗಾಗ ಸುಟ್ಟು ಬೂದಿ ಮಾಡಿಕೊಳ್ಳಬೇಕು. ಅದಕ್ಕೆ ಹೊಗೆಯ ಬಿಸಿ 550–600 ಡಿಗ್ರಿಗೆ ಏರಬೇಕು. ಲೋಡು ಹೊತ್ತು ಹೆದ್ದಾರಿಯಲ್ಲಿ ಹೋಗುವ ಗಾಡಿಗೆ ಇದು ಲೆಕ್ಕಕ್ಕೇ ಇಲ್ಲ, ತನ್ನಷ್ಟಕ್ಕೆ ಆಗುತ್ತಿರುತ್ತದೆ. ನೀವು ಮನೆಯಿಂದ ಹೊರಟು, ಕಾಲುವೆ ಏರಿ ಮೇಲೆ ಎರಡನೇ ಮೂರನೇ ಗೇರಿನಲ್ಲಿ ಹತ್ತು ಹದಿನೈದು ನಿಮಿಷ ಹೋಗಿ, ಗದ್ದೆ ಹತ್ತಿರ ಆಫ್ ಮಾಡುತ್ತೀರಿ. ಎಂಜಿನ್ ನೆಟ್ಟಗೆ ಬಿಸಿ ಆಗೋದೇ ಆಗ. ಸಂಜೆ ಮತ್ತೆ ಅದೇ ಕತೆ. ಮಸಿ ಕೂಡುತ್ತಾ ಹೋಗುತ್ತದೆ, ಸುಡೋಕೆ ಅವಕಾಶ ಸಿಗೋದಿಲ್ಲ.

ಗಾಡಿ ಸುಮ್ಮನಿರೋದಿಲ್ಲ. ಮಸಿ ಸುಡಲು ಎಂಜಿನ್ನೇ ಸ್ವಲ್ಪ ಡೀಸೆಲ್ ಜಾಸ್ತಿ ಬಿಟ್ಟು ಬಿಸಿ ಏರಿಸಲು ನೋಡುತ್ತದೆ. ಅಷ್ಟರಲ್ಲಿ ನೀವು ಕೀಲಿ ತಿರುಗಿಸಿ ಇಳಿದಿರುತ್ತೀರಿ. ಸುಡದೇ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಕಳೆದ ವರ್ಷ ಸಿಂಧನೂರಿನ ಕಡೆಯ ಒಬ್ಬರು ನನ್ನ ಗ್ಯಾರೇಜಿಗೆ ಬಂದಿದ್ದರು. “ಆಯಿಲ್ ಕಡಿಮೆ ಆಗೋದೇ ಇಲ್ಲ, ಭಾಳ ಚಲೋ ಗಾಡಿ” ಅಂತ ಖುಷಿ. ಡಿಪ್‌ಸ್ಟಿಕ್ ಎಳೆದೆ. ಮೇಲಿನ ಗುರುತು ದಾಟಿ ಒಂದು ಬೆರಳಷ್ಟು ಜಾಸ್ತಿ ಇತ್ತು. ಬೆರಳಿಗೆ ಹಚ್ಚಿ ತಿಕ್ಕಿದರೆ ಜಿಗುಟೇ ಇಲ್ಲ, ಮೂಗಿಗೆ ಹಿಡಿದರೆ ಬಂಕಿನ ವಾಸನೆ. ಆಯಿಲ್ ಕಡಿಮೆ ಆಗದಿದ್ದುದು ನಿಜ, ಡೀಸೆಲ್ ಸೇರಿ ಏರುತ್ತಿತ್ತು. ಇನ್ನೊಂದಷ್ಟು ದಿನ ಬಿಟ್ಟಿದ್ದರೆ ಬೇರಿಂಗ್ ಹೋಗುತ್ತಿತ್ತು. ಅವರ ಓಡಾಟವೂ ನಿಮ್ಮಂಥದ್ದೇ, ಮನೆ ಮತ್ತು ಗದ್ದೆ.

ಯೂರಿಯಾ ದ್ರಾವಣದ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಯೂರಿಯಾ ಚೀಲ ಇದ್ದೇ ಇರುತ್ತದೆ. ಹಲವು ಬಿಎಸ್6 ಡೀಸೆಲ್ ಗಾಡಿಗಳಿಗೆ ಹೊಗೆ ಶುದ್ಧ ಮಾಡಲು ಡಿಇಎಫ್ ಅನ್ನುವ ದ್ರಾವಣದ ಇನ್ನೊಂದು ಟ್ಯಾಂಕು ಇರುತ್ತದೆ. ಅದಕ್ಕೆ ಹಾಕೋದು ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ಮಾಡಿದ ನೀರು. ಇದನ್ನು ಕೇಳಿದ ಕೂಡಲೇ ನಮ್ಮ ರೈತರ ಮುಖದಲ್ಲಿ ಒಂದು ನಗು ಬರುತ್ತದೆ. ಬಕೆಟ್, ಚೀಲ, ಬೋರ್ ನೀರು! ದಯವಿಟ್ಟು ಬೇಡ. ಗದ್ದೆಗೆ ಹಾಕುವ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆ ಲೇಪ ಕಡ್ಡಾಯ. ಪೈರಿಗೆ ಒಳ್ಳೆಯದು, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟಿಗೆ ವಿಷ. ನಮ್ಮ ಬೋರ್ ನೀರಿನ ಉಪ್ಪಿನ ಅಂಶ ಅದರ ಜೊತೆ ಸೇರಿದರೆ ಚಿಮ್ಮುವ ನೋಜಲ್ ತುದಿಯಲ್ಲಿ ಸುಣ್ಣದಂತೆ ಬಿಳಿ ಹರಳು ಕಟ್ಟುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ದೊಡ್ಡ ಬಿಲ್ಲು ಕಟ್ಟಿದವರನ್ನು ನೋಡಿದ್ದೇನೆ.

ಹಳೇ ಡೀಸೆಲ್ ಏನು ಹಾಕಿದರೂ ಓಡುತ್ತಿತ್ತು ಅನ್ನೋದೂ ನಿಜವೇ. ನಾನು ಕೆಲಸ ಕಲಿತದ್ದು ಅಂಥ ಗಾಡಿಗಳ ಮೇಲೆ. ಈಗಿನ ಕಾಮನ್ ರೈಲ್ ಡೀಸೆಲ್, ಅಂದರೆ ಜೋರು ಒತ್ತಡದ ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹೋಗುವಂಥದ್ದು, ಬೇರೆ ಜಾತಿ. ನಿಮ್ಮ ಟೈರಿನಲ್ಲಿ ಎರಡು ಚಿಲ್ಲರೆ ಬಾರ್ ಒತ್ತಡ ಇರುತ್ತದೆ, ಡೀಸೆಲ್ ಚಿಮ್ಮಿಸುವ ಅದರ ಇಂಜೆಕ್ಟರಿನಲ್ಲಿ 1600ರಿಂದ 2000 ಬಾರ್. ಅದರ ತೂತುಗಳು ಕೂದಲ ಎಳೆಯಷ್ಟು ಸಣ್ಣವು. ನಾನು ಗಣಿಯಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಕ್ಯಾಂಪಿನ ಬ್ಯಾರಲ್ಲಿನಿಂದ ಕೈಪಂಪಿನಲ್ಲಿ ಡೀಸೆಲ್ ಎತ್ತಿ, ಸೋಸದೆ ಹೊಸ ಟಿಪ್ಪರಿಗೆ ಹಾಕಿದೆ. ತಳದಲ್ಲಿ ಕೆಂಪು ಧೂಳು, ಮಳೆಗಾಲದ ನೀರು ಎರಡೂ ಇದ್ದವು. ಮಾರನೇ ದಿನ ಗಾಡಿ ಏರಿನಲ್ಲಿ ನಿಂತಿತು. ಫಿಲ್ಟರ್ ಬಿಚ್ಚಿದರೆ ಒಳಗೆ ರಾಗಿ ಅಂಬಲಿಯಂತೆ ಗಸಿ. ಆರು ಇಂಜೆಕ್ಟರಿನಲ್ಲಿ ನಾಲ್ಕು ಹೋದವು. ಮಾಲೀಕರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಟ್ರ್ಯಾಕ್ಟರಿಗೆ ಅಂತ ನೀವು ಬ್ಯಾರಲ್ ಇಟ್ಟಿದ್ದರೆ ಹೊಸ ಡೀಸೆಲ್ ಗಾಡಿಯನ್ನು ಅದರ ಹತ್ತಿರ ಬಿಡಬೇಡಿ. ಪೆಟ್ರೋಲನ್ನೂ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಎಥನಾಲ್ ನೀರನ್ನು ಹೀರುತ್ತದೆ, ಜಾಸ್ತಿ ಹೀರಿದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಇನ್ನು ಕೆಸರು ಮತ್ತು ಗುಡ್ಡ. ಕಾಲುವೆ ಕೆಳಗಿನ ನಿಮ್ಮ ದಾರಿ ಎರೆಮಣ್ಣಿನದೇ ಇರಬೇಕು. ಮಳೆ ಬಂದ ಮೇಲೆ ಎರೆಮಣ್ಣಲ್ಲಿ ಗಾಡಿ ಹೇಗೆ ನಿಲ್ಲುತ್ತದೆ ನಿಮಗೇ ಗೊತ್ತು. ಟೈರಿನ ಗೆರೆಯೊಳಗೆ ಮಣ್ಣು ತುಂಬಿ ಟೈರು ನುಣ್ಣಗಾಗುತ್ತದೆ. ಆಮೇಲೆ ಮಡ್‌ಗಾರ್ಡಿನವರೆಗೆ ಮಣ್ಣು ಗಟ್ಟಿಯಾಗಿ ಕೂತು ಗಾಲಿ ತಿರುಗದಂತೆ ಹಿಡಿಯುತ್ತದೆ. ಅಲ್ಲಿ 300 ನ್ಯೂಟನ್ ಮೀಟರ್ ಇದ್ದರೂ ಗಾಡಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ ಅಷ್ಟೇ. ಎರೆಯಲ್ಲಿ ಗೆಲ್ಲೋದು ಹಗುರ ಗಾಡಿ. ಜಿಪ್ಸಿ ಒಂದು ಟನ್ ಆಸುಪಾಸು, ಜಿಮ್ನಿ 1.2 ಟನ್. ಡೀಸೆಲ್ ಥಾರ್ 1.7 ಟನ್ ದಾಟುತ್ತದೆ, ಅದರಲ್ಲೂ ಡೀಸೆಲ್ ಎಂಜಿನ್ನಿನ ಭಾರ ಮೂತಿಯ ಮೇಲೆ. ಇಷ್ಟು ವರ್ಷದಲ್ಲಿ ನಾನು ಕೆಸರಿನಿಂದ ಎಳೆಸಿದ ಗಾಡಿಗಳಲ್ಲಿ ಭಾರದವೇ ಜಾಸ್ತಿ. ಹೊಸ ಪಿಕಪ್ ಒಂದನ್ನು ಎಳೆಯಲು ಹೋದ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರ್ ಎಳೆದದ್ದೂ ಉಂಟು.

ಕಲ್ಲುದಾರಿಯಲ್ಲಿ ಡೀಸೆಲ್ಲಿಗೆ ಒಂದು ಮೇಲುಗೈ ಇದೆ, ಒಪ್ಪುತ್ತೇನೆ. ಲೋ ಗೇರಿಗೆ ಹಾಕಿ ಎಕ್ಸಲರೇಟರಿನಿಂದ ಕಾಲು ತೆಗೆದರೂ ಎಮ್ಮೆಯಂತೆ ನಿಧಾನವಾಗಿ ಕಲ್ಲು ಹತ್ತುತ್ತದೆ. ಪೆಟ್ರೋಲಿನಲ್ಲಿ ಕಾಲಿನ ಹದ ಕಲಿಯಬೇಕು, ಒಂದು ವಾರ ಸಾಕು. ಇಳಿಜಾರಿನ ಬಗ್ಗೆ ಮಾತ್ರ ಬಹಳ ಜನ ತಪ್ಪು ತಿಳಿದಿದ್ದಾರೆ. ಡೀಸೆಲ್ ಎಂಜಿನ್ ತಾನಾಗಿ ಗಾಡಿಯನ್ನು ಹಿಡಿಯೋದು ಕಡಿಮೆ. ಗಾಳಿಯ ದಾರಿ ತೆರೆದಿರುತ್ತದಲ್ಲ, ಎಳೆದು ಹಿಡಿಯಲು ಏನೂ ಇರೋದಿಲ್ಲ. ಲಾರಿಗಳಿಗೆ ಹೊಗೆಯ ದಾರಿ ಮುಚ್ಚಿ ಎಂಜಿನ್ನನ್ನು ಹಿಡಿಸುವ ಎಕ್ಸಾಸ್ಟ್ ಬ್ರೇಕ್ ಅಂತ ಬೇರೆ ಕೂರಿಸೋದು ಅದಕ್ಕೇ. ನಿಮ್ಮ ಭಾವನನ್ನು ಕೇಳಿ, ಲೋಡಿನಲ್ಲಿ ಇಳಿಯುವಾಗ ಆ ಬ್ರೇಕನ್ನು ಎಷ್ಟು ಸಲ ಹಾಕುತ್ತಾರೆ ಅಂತ.

ನೀರು ದಾಟುವಾಗ ಹಳೇ ಕಾಲದಲ್ಲಿ ಡೀಸೆಲ್ ರಾಜ. ಪೆಟ್ರೋಲ್ ಜೀಪಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನಾಲ್ಕು ಹನಿ ನೀರು ಬಿದ್ದರೆ ಹಳ್ಳದ ನಡುವೆ ನಿಲ್ಲುತ್ತಿತ್ತು. ಬೇಸಿಗೆ ಮಧ್ಯಾಹ್ನ ಇನ್ನೊಂದು ಪಾಡು. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಸುಮ್ಮನಾಗುತ್ತಿತ್ತು. ಒದ್ದೆ ಟವೆಲ್ ಸುತ್ತಿ, ಬೇವಿನ ನೆರಳಲ್ಲಿ ಬೀಡಿ ಸೇದಿ, ಆಮೇಲೆ ಸ್ಟಾರ್ಟ್ ಮಾಡುತ್ತಿದ್ದೆವು. ಟ್ಯಾಂಕಿನೊಳಗೇ ಪಂಪ್ ಬಂದ ಮೇಲೆ ಆ ಕಾಟ ಹೋಯಿತು. ಈಗ ಎರಡರಲ್ಲೂ ಕಂಪ್ಯೂಟರ್ ಇದೆ, ಎರಡಕ್ಕೂ ನೀರೆಂದರೆ ಭಯ. ಗಾಳಿ ಎಳೆಯುವ ಬಾಯಿಗೆ ನೀರು ನುಗ್ಗಿದರೆ ಡೀಸೆಲ್ಲಿಗೇ ಜಾಸ್ತಿ ಪೆಟ್ಟು. ಅಷ್ಟು ಒತ್ತುವ ಎಂಜಿನ್ನಿಗೆ ನೀರನ್ನು ಒತ್ತಲು ಆಗೋದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ದಿಲ್ಲಿಯಲ್ಲಿ ಡೀಸೆಲ್ ಗಾಡಿಗೆ ಹತ್ತೇ ವರ್ಷ ಅಂತೆ ಅನ್ನುವ ಹೆದರಿಕೆ ನಿಮಗೂ ಇರಬಹುದು. ಅದು ದಿಲ್ಲಿ ಸುತ್ತಲಿನ ಲೆಕ್ಕ. ಇಲ್ಲಿ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಪಿಕಪ್ ಬೇಕೆನ್ನಲು ನಿಮಗಿರುವ ಕಾರಣ ಸುಗ್ಗಿಯ ಭತ್ತ ಇರಬೇಕು. ಲೆಕ್ಕ ಹಾಕಿ. ಎಕರೆಗೆ 35 ಚೀಲ ಅಂದರೂ 14 ಎಕರೆಗೆ 490 ಚೀಲ. 75 ಕಿಲೋ ಚೀಲ ಆದರೆ 36 ಟನ್ ದಾಟಿತು. ಒಂದೂವರೆ ಟನ್ ಹೊರುವ ಪಿಕಪ್ ಗಂಗಾವತಿ ಮಿಲ್ಲಿಗೆ 25 ಸಲ ಹೋಗಿಬರಬೇಕು. ಹತ್ತು ಚಕ್ರದ ಲಾರಿ ಎರಡು ಮೂರು ಟ್ರಿಪ್ಪಿನಲ್ಲಿ ಮುಗಿಸುತ್ತದೆ. ವರ್ಷಕ್ಕೆ ಎರಡು ಬೆಳೆಗೂ ಬಾಡಿಗೆ ಲಾರಿಯೇ ಅಗ್ಗ. ಗೊಬ್ಬರದ ಚೀಲಕ್ಕೆ ಟ್ರೇಲರ್ ಇದೆ. ಪಿಕಪ್ಪಿನ ಹಿಂದೆ ಆಳುಗಳನ್ನು ಕೂರಿಸಿಕೊಂಡು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಕಾನೂನಿಗೂ ತಪ್ಪು, ನಾಟಿ ಕಾಲದಲ್ಲಿ ಅಂಥ ಗಾಡಿ ಮಗುಚಿದ ಸುದ್ದಿ ಪ್ರತಿ ವರ್ಷ ಓದುತ್ತೇವಲ್ವಾ.

ನಾನಾಗಿದ್ದರೆ ಹಗುರವಾದ ಪೆಟ್ರೋಲ್ ಫೋರ್ ವೀಲ್ ಡ್ರೈವ್ ತಗೊಳ್ಳುತ್ತಿದ್ದೆ. ಗದ್ದೆಗೂ ಕನಕಗಿರಿಯ ಕಲ್ಲುದಾರಿಗೂ ಅದು ಸಾಕು. ಪಿಕಪ್ಪನ್ನು ಬಾಡಿಗೆಗೆ ಬಿಡುವ ಆಲೋಚನೆ ಇದ್ದರೆ ಮಾತು ಬೇರೆ. ಸಿರುಗುಪ್ಪದ ಮೆಣಸಿನಕಾಯಿ ಬ್ಯಾಡಗಿಗೆ, ಸಿಂಧನೂರಿನ ಅಕ್ಕಿ ರಾಯಚೂರಿಗೆ ಅಂತ ತಿಂಗಳಿಗೆ 2,500 ಕಿಲೋಮೀಟರ್ ಲೋಡಿನಲ್ಲಿ ಓಡಿಸುವುದಾದರೆ ಡೀಸೆಲ್ಲೇ ತಗೊಳ್ಳಿ, ಎರಡನೇ ಮಾತಿಲ್ಲ. ಭಾವನ ಮಾತಿಗೆ ಕಟ್ಟುಬಿದ್ದು ಡೀಸೆಲ್ ಜೀಪನ್ನೇ ತಂದಿರಿ ಅಂತಿಟ್ಟುಕೊಳ್ಳಿ. ಆಗ ವಾರಕ್ಕೊಮ್ಮೆ ಅದನ್ನು ಸಿಂಧನೂರು ರಸ್ತೆಗೆ ಒಯ್ದು, ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಡಿಪಿಎಫ್ ದೀಪ ಹೊತ್ತಿಕೊಂಡಿದ್ದರೆ ನಡುವೆ ನಿಲ್ಲಿಸಬೇಡಿ.

ಎರಡರಲ್ಲಿ ಯಾವುದೇ ತಂದರೂ ಏರ್ ಫಿಲ್ಟರ್ ಮೇಲೆ ಕಣ್ಣಿರಲಿ. ಪೆಟ್ರೋಲಿಗಿಂತ ಡೀಸೆಲ್ ಜಾಸ್ತಿ ಗಾಳಿ ನುಂಗುತ್ತದೆ, ಜೊತೆಗೆ ಜಾಸ್ತಿ ಧೂಳು. ಗಾಳಿ ಪೈಪು ಹಿಡಿದು ಜೋರಾಗಿ ಊದಿಸಬೇಡಿ, ಕಾಗದ ಸೀಳುತ್ತದೆ, ಹೊರಗಿನಿಂದ ಕಾಣೋದಿಲ್ಲ. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪನ್ನು ಬಿಚ್ಚಿಸಿ ಒಳಗೆ ಬೆರಳಾಡಿಸಿ ನೋಡಿ. ಬೆರಳು ಕೆಂಪಾಯಿತೋ, ಮೆಕ್ಯಾನಿಕ್ ಏನೇ ಹೇಳಲಿ, ಅವತ್ತೇ ಹೊಸ ಫಿಲ್ಟರ್ ಹಾಕಿಸಿ.